ಸೋರದ ಕೋಣೆ

ನಾವು ಆ ಮನೆಗೆ ಹೋದಾಗ ಅಡುಗೆಮನೆಗೆ ಸೂರಿರಲಿಲ್ಲ. ತಿಲಕ್ ನಗರದಲ್ಲಿ ನಾವಿದ್ದ ಬಾಡಿಗೆ ಮನೆಯ ಓನರು ಮಗನ ಮದುವೆಗೆ ಮೊದಲೇ ಮನೆ ಖಾಲಿಯಾಗಬೇಕೆಂದು ಪಟ್ಟು ಹಿಡಿದಿದ್ದರಿಂದ ರಿಪೇರಿ ಮುಗಿಯುವವರೆಗೆ ಕಾಯುವಂತಿರಲಿಲ್ಲ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಆರನೇ ಕ್ಲಾಸಿನಲ್ಲಿದ್ದ ನಾನು, ಇಷ್ಟೇ ಜನ. ಒಂದು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಜಯನಗರದ ಆ ಹಳೆಯ ಮನೆಯ ಮುಂದೆ ಇಳಿದೆವು. ದೂರವೇನಲ್ಲ, ಮಗ್ಗಲು ಬದಲಿಸಿದಷ್ಟೇ. ಅಪ್ಪ ಗೇಟು ತೆಗೆದು ಒಳಗೆ ಹೋದ. ಅಮ್ಮ ಸೀಮೆಎಣ್ಣೆ ಸ್ಟೋವನ್ನು ಎತ್ತಿಕೊಂಡು ಅವನ ಹಿಂದೆ ಹೋದಳು. ಅಜ್ಜಿ ಮಾತ್ರ ಗೇಟಿನ ಹೊರಗೆ ಕಾಂಪೌಂಡಿಗೆ ಒರಗಿ ನಿಂತುಬಿಟ್ಟಳು. ಹೆದರಿಕೆಯಿಂದಲ್ಲ, ಅಭ್ಯಾಸದಿಂದ. ತಲಘಟ್ಟಪುರದ ಆಚೆಯ ನಮ್ಮೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಸೊಪ್ಪಿನ ಪುಟ್ಟಿ ಹೊತ್ತುಕೊಂಡು ಬಂದು ಅವಳು ಬಹಳ ಕಾಲ ಇದೇ ಬೀದಿಗಳಲ್ಲಿ ಸೊಪ್ಪು ಮಾರಿದ್ದಳು. ಅಪ್ಪ ಚಿಕ್ಕವನಿದ್ದಾಗ ಅವಳ ಜೊತೆ ಬಂದು ಇಂಥ ಗೇಟುಗಳ ಮುಂದೆ ನಿಂತು ಕೂಗಿದ್ದನಂತೆ. ಒಳಗಿನವರು ಗೇಟಿಗೆ ಬರುತ್ತಿದ್ದರೇ ಹೊರತು ಇವರು ಗೇಟು ದಾಟಿ ಒಳಗೆ ಹೋಗುವ ಪದ್ಧತಿ ಇರಲಿಲ್ಲ.

“ಅಜ್ಜಿ, ಈ ಮನೆಗೂ ಸೊಪ್ಪು ಕೊಟ್ಟಿದ್ಯಾ?” ಎಂದು ಕೇಳಿದೆ.

“ಯಾವನಿಗ್ಗೊತ್ತವ್ವ. ಗೇಟು ಎಲ್ಲಾವೂ ಒಂದೇ ತರ ಇರ್ತಾವೆ.”

“ಅವ್ವ, ಒಳೀಕೆ ಬಾ,” ಅಪ್ಪ ಒಳಗಿನಿಂದ ಕೂಗಿದ. “ಇದು ನಮ್ಮನೆ.”

ಆ ವರ್ಷ ಅಪ್ಪ ಅತ್ಯಂತ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು. ಒಮ್ಮೊಮ್ಮೆ ಸಂತೋಷದಿಂದ ಆಡಿದ, ಒಮ್ಮೊಮ್ಮೆ ಕೋಪದಿಂದ. ಒಮ್ಮೆ ಮಾತ್ರ ಅದನ್ನು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ ಎಂದು ನನಗನ್ನಿಸಿತ್ತು.

ಮನೆ ಕೊಂಡಾಗ ನೋಡಿದವರೆಲ್ಲ ಒಡೆದು ಕಟ್ಟಿಸಿ ಎಂದೇ ಹೇಳಿದ್ದರು. ಅದನ್ನು ಮಾರಿದವರಿಗೂ ಅದೇ ನಿರೀಕ್ಷೆ ಇತ್ತು. ಮೇಲಿನ ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ನಡುಮನೆಯ ತಾರಸಿಯ ಗಾರೆ ಹಾಳೆ ಹಾಳೆಯಾಗಿ ಉದುರುತ್ತಿತ್ತು. ಪಡಸಾಲೆಯ ಮಂಗಳೂರು ಹೆಂಚುಗಳಲ್ಲಿ ಅರ್ಧಕ್ಕರ್ಧ ಒಡೆದಿದ್ದವು. ಆದರೂ ಅಪ್ಪ ಒಡೆಯಲು ಒಪ್ಪಲಿಲ್ಲ. ಸರ್ಕಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಬೇಕಾಗಿದ್ದದ್ದು ಒಂದು ಮನೆಯಲ್ಲ, ಅಂಥ ಒಂದು ಮನೆ: ಕೆಂಪು ನೆಲದ್ದು, ಉದ್ದುದ್ದ ಸರಳಿನ ಕಿಟಕಿಗಳದ್ದು, ಮುಂದೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ ಸಿಗುವಂಥದ್ದು. ಗೇಟಿನ ಹೊರಗಿನಿಂದ ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಮನೆಯನ್ನು ಒಡೆದು ಅದರ ಜಾಗದಲ್ಲಿ ಡಬ್ಬಿಯಂಥ ಕಾಂಕ್ರೀಟು ಕಟ್ಟಡ ಎಬ್ಬಿಸಿದರೆ ಕೊಂಡದ್ದಕ್ಕೆ ಅರ್ಥವೇನು ಎಂದು ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: “ಗೋಡೆ ಗಟ್ಟಿ ಇದೆ. ಗೋಡೆ ಗಟ್ಟಿ ಇದ್ಮೇಲೆ ಮನೆ ಯಾಕೆ ಒಡೀಬೇಕು?” ರಿಪೇರಿಯನ್ನು ಪೆರುಮಾಳ್ ಎಂಬ ಮೇಸ್ತ್ರಿಗೆ ಒಪ್ಪಿಸಿದ. ಪೆರುಮಾಳ್ ಸಣ್ಣ ಆಳು, ದೊಡ್ಡ ದನಿ. ಅವನ ಕನ್ನಡದ ಅರ್ಧ ತಮಿಳು. ಅವನು ಹೇಳಿದ ದಿನಕ್ಕೆ ಯಾವ ಕೆಲಸವೂ ಮುಗಿಯುತ್ತಿರಲಿಲ್ಲ, ಆದರೆ ಮುಗಿದ ಕೆಲಸ ಚೆನ್ನಾಗಿರುತ್ತಿತ್ತು. ಹಾಗಾಗಿ ಅಮ್ಮ ಅವನನ್ನು ಬೈಯುತ್ತಿದ್ದಳೇ ಹೊರತು ಬಿಡುತ್ತಿರಲಿಲ್ಲ.

ರಿಪೇರಿ ನಡೆಯುತ್ತಿರುವ ಮನೆಯಲ್ಲಿ ವಾಸ ಮಾಡುವುದೆಂದರೆ ಆ ಮನೆಯೊಳಗೇ ವಲಸೆ ಹೋಗುತ್ತಿರುವುದು. ಪೆರುಮಾಳ್ ಒಂದು ಕೋಣೆಗೆ ಕೈ ಹಾಕಿದ ದಿನ ನಾವು ಇನ್ನೊಂದಕ್ಕೆ ಸರಿಯುತ್ತಿದ್ದೆವು. ಅಡುಗೆ ಮೊದಲು ಪಡಸಾಲೆಯಲ್ಲಿ ನಡೆಯಿತು, ಆಮೇಲೆ ನಡುಮನೆಯ ಮೂಲೆಯಲ್ಲಿ, ಸ್ವಲ್ಪ ದಿನ ಹಿತ್ತಿಲ ನುಗ್ಗೆಮರದ ಕೆಳಗೆ ಕಲ್ಲು ಹೂಡಿದ ಒಲೆಯಲ್ಲಿ. ಅಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು. ಶಿಫ್ಟ್ ಮುಗಿಸಿ ಬಂದವಳು ಮೊದಲು ಕೇಳುತ್ತಿದ್ದದ್ದು “ಒಲೆ ಎಲ್ಲಿದೆ ಇವತ್ತು?” ಎಂದು. ಪಾತ್ರೆಯ ಮುಚ್ಚಳ ತೆಗೆಯುವ ಮುನ್ನ ಸೀರೆಯ ಸೆರಗಿನಿಂದ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಆದರೂ ಸಾರಿನಲ್ಲಿ ಸುಣ್ಣದ ವಾಸನೆ ಇರುತ್ತಿತ್ತು, ಅನ್ನ ಹಲ್ಲಿಗೆ ಕರಕರ ಸಿಗುತ್ತಿತ್ತು. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಅದೊಂದೇ ನೆಮ್ಮದಿಯ ಊಟ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಹೆಂಚಿನ ಅಟ್ಟಿಯ ಮೇಲೆ ಪುಸ್ತಕ ಇಟ್ಟುಕೊಂಡು ಹೋಂವರ್ಕ್ ಮಾಡುತ್ತಿದ್ದೆ. ಸಂಜೆ ಬಂದಾಗ ಆ ಅಟ್ಟಿ ಮಾಡಿನ ಮೇಲೆ ಹೋಗಿಬಿಟ್ಟಿರುತ್ತಿತ್ತು. ನನ್ನದು ಎನ್ನುವ ಜಾಗ ಒಂದೂ ಇಲ್ಲದ ಆ ದಿನಗಳಲ್ಲಿ ನನಗೆ ಬೇಸರವಾಗಿತ್ತೇ ಎಂದು ಈಗ ಯಾರಾದರೂ ಕೇಳಿದರೆ, ಇಲ್ಲ. ಎಲ್ಲರ ಮಾತೂ ನನಗೆ ಕೇಳಿಸುತ್ತಿತ್ತು. ಕಿವಿ ಚುರುಕಾದದ್ದು ಅಲ್ಲೇ. ದೊಡ್ಡವರು ಜಗಳವಾಡುವಾಗ ಯಾವುದರ ಹೆಸರು ಹೇಳಿ ಜಗಳವಾಡುತ್ತಾರೆ, ನಿಜವಾಗಿ ಯಾವುದಕ್ಕೆ ಜಗಳವಾಡುತ್ತಾರೆ, ಎರಡೂ ಬೇರೆ ಬೇರೆ ಎಂಬುದು ನನಗೆ ಅಲ್ಲಿ ತಿಳಿಯತೊಡಗಿತು.

ಪಕ್ಕದ ಮನೆಯ ಅಂಕಲ್ ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಅಪ್ಪನನ್ನು ಮಾತಾಡಿಸಿದರು.

“ನೀವು ಯಾವ ಕಡೆಯೋರು ಸಾರ್?”

“ತಲಘಟ್ಟಪುರದ ಕಡೆ.”

“ಅಲ್ಲ, ಅದು ಸರಿ... ಅಂದ್ರೆ ನಿಮ್ಮ ಪೈಕಿ ಎಲ್ಲ?”

“ನಾವು ಬೌದ್ಧರು ಸಾರ್,” ಎಂದ ಅಪ್ಪ.

ಅಂಕಲ್ “ಓ, ಒಳ್ಳೇದು, ಒಳ್ಳೇದು,” ಎಂದು ಹಾಲಿನ ಪ್ಯಾಕೆಟ್ ಎತ್ತಿಕೊಂಡು ಒಳಗೆ ಹೋದರು. ಅಪ್ಪ ದೀಕ್ಷೆ ತೆಗೆದುಕೊಂಡದ್ದು ನಾನು ಹುಟ್ಟುವ ಮೊದಲು. ನನಗೆ ಸುಜಾತ ಎಂದು ಹೆಸರಿಟ್ಟವನೂ ಅವನೇ. ಬಾಡಿಗೆ ಮನೆಯ ಗೋಡೆಯಲ್ಲಿ ಎರಡೇ ಪಟಗಳಿದ್ದವು. ಒಂದು ಬುದ್ಧನದು. ಇನ್ನೊಂದರಲ್ಲಿ ಇದ್ದವರನ್ನು ನಾನು ಮಾತು ಕಲಿತಾಗಿನಿಂದ ನೀಲಿ ಕೋಟಿನ ತಾತ ಎಂದೇ ಕರೆಯುತ್ತಿದ್ದೆ. ಹೊಸ ಮನೆಯಲ್ಲಿ ಧೂಳಿಗೆ ಹೆದರಿ ಆ ಪಟಗಳನ್ನು ದುಪ್ಪಟಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು. ಅಮ್ಮ ಪಂಚಶೀಲ ಹೇಳುತ್ತಿದ್ದಳು, ಸಂಕ್ರಾಂತಿಗೆ ಎಳ್ಳು ಬೀರುತ್ತಿದ್ದಳು, ಎರಡರ ಬಗ್ಗೆಯೂ ಮಾತಾಡುತ್ತಿರಲಿಲ್ಲ. ಅಜ್ಜಿ ಊರಿನ ಮಾರಮ್ಮನನ್ನು ಬಿಟ್ಟಿರಲಿಲ್ಲ. ಮಾರಮ್ಮನ ಕುಂಕುಮವನ್ನು ಎಲೆ ಅಡಿಕೆ ಚೀಲದೊಳಗೆ ಇನ್ನೊಂದು ಚೀಲದಲ್ಲಿ ಇಟ್ಟುಕೊಂಡಿದ್ದಳು. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂಬುದು ಅಜ್ಜಿಗೂ ಗೊತ್ತಿತ್ತು.

ಈ ಮನೆಯಲ್ಲೊಂದು ದೇವರ ಮನೆ ಇತ್ತು. ನಡುಮನೆಯ ಪೂರ್ವದ ಮೂಲೆಯಲ್ಲಿ ಒಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಸಣ್ಣ ಕೋಣೆ. ಅದಕ್ಕೆ ತೇಗದ ಬಾಗಿಲು. ಮೇಲರ್ಧದಲ್ಲಿ ಸಾಲಾಗಿ ಪುಟ್ಟ ಗಂಟೆಗಳು, ಚೌಕಟ್ಟಿನ ಮೇಲೆ ಬಳ್ಳಿಯ ಕೆತ್ತನೆ. ಮನೆ ಮಾರಿದವರು ಶಾರದಮ್ಮ ಎಂಬ ವಯಸ್ಸಾದ ಹೆಂಗಸು. ಸೊಸೆಯಾಗಿ ಆ ಮನೆಗೆ ಬಂದವರು, ಗಂಡ ತೀರಿಕೊಂಡ ಮೇಲೆ ಮಗನೊಂದಿಗೆ ಜೆ.ಪಿ. ನಗರದ ಫ್ಲ್ಯಾಟಿಗೆ ಹೋಗಿದ್ದರು. ದೇವರುಗಳನ್ನೂ ಪೀಠವನ್ನೂ ಹೋಗುವಾಗಲೇ ತೆಗೆದುಕೊಂಡು ಹೋಗಿದ್ದರು. ಬಾಗಿಲನ್ನು ಮಾತ್ರ ಆಮೇಲೆ ಬಂದು ಒಯ್ಯುತ್ತೇನೆ ಎಂದು ಕೇಳಿಕೊಂಡಿದ್ದರು. ಹೇಗೂ ಆ ಕೋಣೆಯ ಗೋಡೆ ಒಡೆದು ನಡುಮನೆಗೆ ಸೇರಿಸಿಬಿಡುವ ಯೋಚನೆಯಲ್ಲಿದ್ದ ಅಪ್ಪ, “ಧಾರಾಳವಾಗಿ ತಗೊಂಡು ಹೋಗಿ ಅಮ್ಮ” ಎಂದಿದ್ದ. ಗೋಡೆ ಒಡೆಯುವ ದಿನ ಬಂದಾಗ ಪೆರುಮಾಳ್ ತಲೆ ಕೆರೆದುಕೊಂಡ.

“ಸಾರ್, ಬೇರೆ ಯಾವ ಗೋಡೆ ಬೇಕಾದ್ರೂ ಹೇಳಿ ಒಡೀತೀನಿ. ಇದು ಬೇಡ ಸಾರ್. ಸಾಮಿ ರೂಮು.”

“ಸಾಮಿ ಇಲ್ಲ ಪೆರುಮಾಳ್. ಖಾಲಿ ರೂಮು ಅದು.”

“ನಿಮಗೆ ಖಾಲಿ ಸಾರ್. ನಮ್ ಹುಡುಗ್ರು ಯಾರೂ ಸುತ್ತಿಗೆ ಎತ್ತಲ್ಲ. ಮನೇಲಿ ಮಕ್ಳು ಮರಿ ಇದಾವೆ.”

ಅಪ್ಪ ವಾದ ಮಾಡಿದ. ಪೆರುಮಾಳ್ ಎಲ್ಲಕ್ಕೂ “ಕರೆಕ್ಟ್ ಸಾರ್” ಎಂದ, ಸುತ್ತಿಗೆ ಮಾತ್ರ ಎತ್ತಲಿಲ್ಲ. ಕೊನೆಗೆ ಅದನ್ನು ಆಮೇಲೆ ನೋಡೋಣ ಎಂದು ಎಲ್ಲರೂ ಮಾಡಿನ ಕಡೆ ಹೋದರು.

ಮಳೆ ಶುರುವಾದದ್ದು ಆಗ. ನಡುಮನೆಯ ತಾರಸಿಯನ್ನು ಬಿಚ್ಚಿ ಹಳೆಯ ತೊಲೆಗಳನ್ನು ಇಳಿಸಿದ್ದರು. ಪ್ಲಾಸ್ಟಿಕ್ ಹೊದಿಸಿದ್ದರೂ ದಿನಾ ಸಂಜೆ ಬರುತ್ತಿದ್ದ ಮಳೆಗೆ ಅದು ನೀರಿನ ಹೊಟ್ಟೆಯಾಗಿ ಕೆಳಗೆ ಜೋತು, ಯಾವುದೋ ಮೂಲೆಯಲ್ಲಿ ಸುರಿದುಬಿಡುತ್ತಿತ್ತು. ಬಕೆಟ್ಟು, ದಬರಿ, ಮುದ್ದೆಯ ಪಾತ್ರೆ ಎಲ್ಲವೂ ನೆಲದ ಮೇಲೆ. ಇಡೀ ಮನೆಯಲ್ಲಿ ಒಂದು ಹನಿಯೂ ಸೋರದ ಜಾಗವೆಂದರೆ ದೇವರ ಮನೆ. ಯಾಕೋ ಅದರ ಮೇಲೆ ಮಾತ್ರ ಕಲ್ಲುಚಪ್ಪಡಿ ಹಾಸಿದ್ದರು. ಅಜ್ಜಿಗೆ ಉಬ್ಬಸವಿತ್ತು. ಥಂಡಿಗೂ ಧೂಳಿಗೂ ಅದು ಜಾಸ್ತಿಯಾಗುತ್ತಿತ್ತು. ಅಮ್ಮ ಹೆಚ್ಚು ಯೋಚಿಸದೆ ಅಲ್ಲಿ ಚಾಪೆ ಹಾಸಿ, ಮೇಲೆ ಹಾಸಿಗೆ ಬಿಡಿಸಿ, ಅಜ್ಜಿಯ ಗಂಟು ತಂದಿಟ್ಟಳು. ಪಾಯಖಾನೆ ಹಿತ್ತಿಲಿನ ಆ ತುದಿಗೆ ಇದ್ದದ್ದರಿಂದ, ಮಳೆಯಲ್ಲಿ ಅಜ್ಜಿ ಜಾರಿ ಬೀಳಬಾರದೆಂದು ನರ್ಸಿಂಗ್ ಹೋಮಿನಿಂದ ಒಂದು ಹಳೆಯ ಬೆಡ್‌ಪ್ಯಾನ್ ತಂದು ಮೂಲೆಯಲ್ಲಿಟ್ಟಳು. ಅಪ್ಪ ಸಂಜೆ ಬಂದು ನೋಡಿದ. ಅವನ ಮುಖದಲ್ಲಿ ಬಂದದ್ದು ಗೆಲುವೆಂದೇ ಹೇಳಬೇಕು. ಗೇಟಿನ ಹೊರಗೆ ನಿಲ್ಲುತ್ತಿದ್ದ ತಾಯಿ ಮನೆಯ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಅವನು ಅದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಥಂಡಿ ಹೊಡೆಯದಿರಲಿ ಎಂದು ತಾನೇ ಬಾಗಿಲು ಮುಂದೆ ಮಾಡಿದ. ಗಂಟೆಗಳು ಸದ್ದು ಮಾಡಿದವು.

ಅಜ್ಜಿ ಒಳಗೆ ಕಾಲಿಡುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. ಅವಳಿಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಕೆಂಪಾಗಿರುತ್ತಿದ್ದವು. ಕೇಳಿದರೆ “ವಯಸ್ಸಾಯ್ತಲ್ಲ” ಎನ್ನುತ್ತಿದ್ದಳು. ಅಪ್ಪ ಇದನ್ನು ದೇವರ ಹೆದರಿಕೆ ಎಂದುಕೊಂಡ. ಊಟಕ್ಕೆ ಕೂತಾಗ ಅವಳಿಗೆ ಬುದ್ಧನ ಮಾತು ಹೇಳತೊಡಗಿದ; ಹೆದರಿಕೆ ಹೇಗೆ ನಮ್ಮ ತಲೆಯೊಳಗೆ ಬೇರೆಯವರು ಕಟ್ಟಿದ ಮನೆ ಎಂದು. ಅಜ್ಜಿ ಎಲ್ಲಕ್ಕೂ ಹೂಂ ಎನ್ನುತ್ತಾ ಮುದ್ದೆ ನುಂಗುತ್ತಿದ್ದಳು.

ಶಾರದಮ್ಮನವರು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಜೊತೆಯಲ್ಲಿ ಅವರ ಮಗ ಶ್ರೀಧರ್ ಇದ್ದರು. ಬಾಗಿಲು ಒಯ್ಯಲು ಒಂದು ಲಗೇಜ್ ಆಟೋ ಹೊರಗೆ ನಿಂತಿತ್ತು. ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು, ಮರಳು ಹಾಸಿದ್ದ ನಡುಮನೆಗೆ ಬರಿಗಾಲಲ್ಲಿ ನಡೆದು ಬಂದ ಶಾರದಮ್ಮನವರು ಬಿಚ್ಚಿದ ಸೂರನ್ನು ತಲೆಯೆತ್ತಿ ನೋಡಿದರು. “ಎಷ್ಟು ಬೆಳಕು ಬರತ್ತೆ ನೋಡಿ ಈಗ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಶ್ರೀಧರ್ ನೇರವಾಗಿ ಹೋಗಿ ಬಾಗಿಲು ತಳ್ಳಿದರು. ಗಂಟೆಗಳು ಅಲುಗಾಡಿದವು. ಒಳಗೆ ಅಜ್ಜಿ ಗೋಡೆಗೊರಗಿ ಕೂತು ಕೆಮ್ಮುತ್ತಿದ್ದಳು. ಪಕ್ಕದಲ್ಲಿ ಉಗುಳುವ ಡಬ್ಬ, ಔಷಧಿಯ ಬಾಟಲಿ, ಮೂಲೆಯಲ್ಲಿ ಆ ಬೆಡ್‌ಪ್ಯಾನ್.

“ಇದೇನ್ರೀ ಇದು?” ಎಂದರು ಶ್ರೀಧರ್. “ದೇವರ ಮನೇಲಿ... ನಿಮಗೆ ಬೇರೆ ರೂಮೇ ಸಿಗ್ಲಿಲ್ವಾ?”

“ಸೋರದೆ ಇರೋ ರೂಮು ಇದೊಂದೇ ಸಾರ್,” ಎಂದಳು ಅಮ್ಮ.

“ಅಲ್ಲ, ಅಟ್‌ಲೀಸ್ಟ್ ನಾವು ಬಾಗಿಲು ತಗೊಂಡು ಹೋಗೋವರೆಗಾದ್ರೂ...”

ಅಷ್ಟರಲ್ಲಿ ಅಜ್ಜಿ ಎದ್ದಿದ್ದಳು. ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದರಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು.

“ತಪ್ಪಾಯ್ತು ಅಮ್ಮೋರೆ. ನಾನು ಈಚೀಕೆ ಬಂದ್ಬುಡ್ತೀನಿ.”

“ಅವ್ವ, ಕೂತ್ಕೊ,” ಅಪ್ಪನ ದನಿ ಏರಿತು. “ಏಳ್ಬೇಡ ನೀನು. ಇದು ನಮ್ಮನೆ.”

ಅಜ್ಜಿ ಶಾರದಮ್ಮನವರ ಮುಖ ನೋಡಿದಳು, ಮಗನ ಮುಖ ನೋಡಿದಳು. ಪೂರ್ತಿ ನಿಲ್ಲಲೂ ಇಲ್ಲ, ಕೂರಲೂ ಇಲ್ಲ. ಮೊಣಕಾಲು ಅರ್ಧ ಬಗ್ಗಿದ ಆ ಭಂಗಿಯಲ್ಲಿ ಅವಳು ಎಷ್ಟು ಹೊತ್ತು ಇದ್ದಳೋ, ನನಗೆ ಬಹಳ ಹೊತ್ತೆನ್ನಿಸಿತು. ಕೊನೆಗೆ ಮಾತಾಡಿದವರು ಶಾರದಮ್ಮ.

“ಮಲಗಿರಿ, ಮಲಗಿರಿ. ಏಳಬೇಡಿ. ಬಾರೋ ಶ್ರೀಧರ, ಇನ್ನೊಂದು ದಿನ ಬರೋಣ.”

“ಇನ್ನೊಂದು ದಿನ ಬೇಡ,” ಎಂದ ಅಪ್ಪ. “ಬಾಗಿಲು ಕೊಡಕ್ಕಾಗಲ್ಲ. ನಮ್ಮ ತಾಯಿಗೆ ಬೇಕು.”

ಶಾರದಮ್ಮನವರು ಚಪ್ಪಲಿ ಮೆಟ್ಟಿದರು. ಗೇಟಿನ ತನಕ ಹೋಗಿ ಒಂದು ಸಲ ತಿರುಗಿ ನೋಡಿದರು. ಮನೆಯನ್ನೋ, ನಮ್ಮನ್ನೋ ತಿಳಿಯಲಿಲ್ಲ. ಲಗೇಜ್ ಆಟೋ ಖಾಲಿ ಹೋಯಿತು.

ಅವತ್ತಿನಿಂದ ಅಜ್ಜಿ ಆ ಕೋಣೆಯಲ್ಲಿ ಮಲಗಲಿಲ್ಲ. ಪಡಸಾಲೆಯಲ್ಲಿ, ಒಡೆದ ಹೆಂಚಿನ ಕೆಳಗೆ, ಒಂದು ಗೋಣಿಚೀಲ ಹಾಸಿಕೊಂಡು ಮಲಗಿದಳು. ಅಪ್ಪ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಹಾಸಿಗೆಯ ಮೇಲೆ ಕೂರಿಸುತ್ತಿದ್ದ. “ಯಾವನೋ ಏನೋ ಅಂದ ಅಂತ ನೀನ್ಯಾಕೆ ಆಚೆ ಹೋಯ್ತೀಯ? ನೀನು ಆಚೆ ಹೋದ್ರೆ ಅವನು ಅಂದಿದ್ದು ಸರಿ ಅಂತ ಆಯ್ತದೆ.” ಅಜ್ಜಿ ಹೂಂ ಎನ್ನುತ್ತಿದ್ದಳು. ಅವನು ಆಫೀಸಿಗೆ ಹೊರಟ ಮೇಲೆ ಮತ್ತೆ ಗೋಣಿಚೀಲ ತೆಗೆದುಕೊಂಡು ಪಡಸಾಲೆಗೆ ಬರುತ್ತಿದ್ದಳು. ಇದು ಹೀಗೇ ನಡೆಯಿತು. ಅಪ್ಪ ತನ್ನ ತಾಯಿಗಾಗಿ ಹೋರಾಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಹೋರಾಟ ನಡೆಯುತ್ತಿದ್ದದ್ದು ಅವಳ ಮೈಮೇಲೆ. ಆಗ ನನಗೆ ಈ ಮಾತು ಹೊಳೆದಿರಲಿಲ್ಲ. ಅವಳು ಒಳಗೆ ಹೋಗುವುದು, ಹೊರಗೆ ಬರುವುದು, ಅಷ್ಟನ್ನೇ ನೋಡುತ್ತಿದ್ದೆ. ಒಂದು ವಾರ ಕಳೆಯುವುದರೊಳಗೆ ಅವಳಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಅಮ್ಮ ನರ್ಸಿಂಗ್ ಹೋಮಿನ ಡಾಕ್ಟರನ್ನು ಕೇಳಿ ಇಂಜೆಕ್ಷನ್ ತಂದು ತಾನೇ ಕೊಟ್ಟಳು. ಕೊಟ್ಟು, ಸಿರಿಂಜನ್ನು ಕಾಗದದಲ್ಲಿ ಸುತ್ತುತ್ತಾ, ತಲೆಯೆತ್ತದೆ ಅಪ್ಪನಿಗೆ ಹೇಳಿದಳು:

“ನಿಮ್ಮ ಮರ್ಯಾದೆ ದೊಡ್ಡದೇ ರೀ. ಆದ್ರೆ ಉಸಿರಾಡೋಕೆ ಒದ್ದಾಡ್ತಿರೋರು ಇವರು.”

ಅಪ್ಪ ಹಿತ್ತಿಲಿಗೆ ಹೋದ.

ಮಾರನೆಯ ದಿನ ಅಮ್ಮನಿಗೆ ರಜೆ. ನನಗೆ ದಸರಾ ರಜೆ. ಅಪ್ಪ ಆಫೀಸಿಗೆ ಹೊರಟ ಕೂಡಲೇ ಅಮ್ಮ ಪೆರುಮಾಳನ್ನು ಕರೆದು ದೇವರ ಮನೆಯ ಬಾಗಿಲು ಬಿಚ್ಚಲು ಹೇಳಿದಳು. ಗೋಡೆಗೆ ಸುತ್ತಿಗೆ ಎತ್ತದವನು ಬಾಗಿಲು ಬಿಚ್ಚುತ್ತಾನೋ ಇಲ್ಲವೋ ಎಂದು ನಾನು ಕಾದಿದ್ದೆ. ಬಾಗಿಲು ಅದರ ಮನೆಯವರಿಗೇ ಹೋಗುತ್ತದೆ ಎಂದು ಕೇಳಿದ ಮೇಲೆ ಅವನು ಒಂದು ಚೂರು ಕರ್ಪೂರ ಹಚ್ಚಿ, ಕೈ ಮುಗಿದು, ತಿರುಪು ತೆಗೆದ. ಗಂಟೆಗಳು ಸದ್ದು ಮಾಡದಿರಲೆಂದು ಅಮ್ಮ ಅವಕ್ಕೆ ಹಳೆಯ ಸೀರೆ ಸುತ್ತಿದಳು. ಅಜ್ಜಿಯನ್ನು ನೋಡಿಕೊಳ್ಳಲು ಪೆರುಮಾಳ್ ಜೊತೆ ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸಿಗೆ ಹೇಳಿ, ನಾವಿಬ್ಬರೂ ಲಗೇಜ್ ಆಟೋದಲ್ಲಿ ಬಾಗಿಲಿನ ಪಕ್ಕ ಕೂತು ಜೆ.ಪಿ. ನಗರಕ್ಕೆ ಹೊರಟೆವು.

ಫ್ಲ್ಯಾಟು ಎರಡನೆಯ ಮಹಡಿಯಲ್ಲಿತ್ತು. ಡ್ರೈವರೂ ಅಮ್ಮನೂ ಬಾಗಿಲನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರಿಂದ ಶಾರದಮ್ಮನವರು ಒಬ್ಬರೇ ಇದ್ದರು. ಬಾಗಿಲನ್ನು ನೋಡಿ ಮೊದಲು ಅದರ ಮೇಲೆ ಕೈಯಾಡಿಸಿದರು. ಆಮೇಲೆ ಅದನ್ನು ಎಲ್ಲಿಡುವುದೆಂದು ಅವರಿಗೂ ತಿಳಿಯಲಿಲ್ಲ. ಆ ಮನೆಯಲ್ಲಿ ದೇವರ ಮನೆ ಇರಲಿಲ್ಲ. ಅಡುಗೆಮನೆಯ ಗೋಡೆಯ ಬೀರುವಿನಲ್ಲಿ, ಡಬ್ಬಗಳ ಮೇಲಿನ ಅಂಕಣದಲ್ಲಿ ದೇವರುಗಳು ಕೂತಿದ್ದವು. ಕೊನೆಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗುವ ತಂತಿಯ ಕೆಳಗೆ ಗೋಡೆಗೆ ಒರಗಿಸಿಟ್ಟರು. ಶಾರದಮ್ಮ ನಮ್ಮನ್ನು ಕೂರಿಸಿ ಕಾಫಿ ಮಾಡಿದರು. ಕಾಫಿ ಯಾವ ಲೋಟದಲ್ಲಿ ಬರುತ್ತದೆ ಎಂದು ನಾನು ನೋಡಿದೆ. ಸ್ಟೀಲಿನ ಲೋಟದಲ್ಲೇ ಬಂತು. ಆದರೆ ಅವರು ತಮಗೆ ತೆಗೆದುಕೊಂಡ ಲೋಟದ ಮೇಲೆ ಹೆಸರು ಕೊರೆಸಿತ್ತು, ನಮ್ಮವುಗಳ ಮೇಲೆ ಇರಲಿಲ್ಲ. ಅದಕ್ಕೆ ಏನಾದರೂ ಅರ್ಥವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಲೋಟ ನೋಡುವ ಅಭ್ಯಾಸ ಆ ವರ್ಷ ಶುರುವಾದದ್ದು, ಇನ್ನೂ ಹೋಗಿಲ್ಲ. ಅಮ್ಮ ನೋಡಲಿಲ್ಲ. ಅವಳಿಗೆ ಬಾಯಾರಿಕೆಯಾಗಿತ್ತು, ಕುಡಿದಳು.

“ನಿಮ್ಮ ಯಜಮಾನ್ರು ಒಪ್ಪಿದ್ರಾ?” ಶಾರದಮ್ಮ ಕೇಳಿದರು.

“ಅವರಿಗೆ ಗೊತ್ತಿಲ್ಲ. ಸಂಜೆ ಗೊತ್ತಾಗತ್ತೆ.”

ಶಾರದಮ್ಮನವರಿಗೆ ನಗು ಬಂತು. ಬಂದದ್ದನ್ನು ತಡೆದುಕೊಂಡರು.

“ಶ್ರೀಧರ ಅವತ್ತು ಅಂದಿದ್ದನ್ನ ಮನಸ್ಸಿಗೆ ಹಾಕ್ಕೋಬೇಡಿ.”

“ಹಾಕ್ಕೊಂಡಿದೀವಿ,” ಎಂದಳು ಅಮ್ಮ. “ಆದ್ರೆ ಬಾಗಿಲು ನಿಮ್ಮದು.”

ಶಾರದಮ್ಮ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದರು.

“ನಾನು ಆ ಮನೆಗೆ ಬಂದಾಗ ನಂಗೆ ಹದಿನಾರು. ನಮ್ಮತ್ತೆ ಇರೋ ತನಕ ಆ ರೂಮಿನ ಹೊಸ್ತಿಲ ಮೇಲೆ ಕಾಲಿಡೋಕೆ ಬಿಟ್ಟಿಲ್ಲ ನನ್ನ. ಮಡಿ ಸಾಲದು ಅಂತ. ಹೊರಗಿಂದ ಹೂ ಕೊಡ್ತಿದ್ದೆ, ಅಷ್ಟೆ. ಬೆಚ್ಚಗಿರತ್ತಾ ಒಳಗೆ?”

“ಇರತ್ತೆ.”

“ನಿದ್ದೆ ಬರತ್ತಾ ನಿಮ್ಮತ್ತೆಗೆ?”

“ಇಲ್ಲ,” ಎಂದಳು ಅಮ್ಮ.

“ನಂಗೂ ಇಲ್ಲಿ ಬರಲ್ಲ,” ಎಂದರು ಶಾರದಮ್ಮ.

ನಾವು ಹೊರಡುವಾಗ ಅವರು ಅಮ್ಮನಿಗೆ ಕುಂಕುಮ ಕೊಟ್ಟರು. ಅಮ್ಮ ಇಟ್ಟುಕೊಂಡಳು. ಬಸ್ಸಿನಲ್ಲಿ ಕರ್ಚೀಫಿನಿಂದ ಒರೆಸಿಕೊಂಡಳು. ಎರಡನ್ನೂ ಒಂದೇ ರೀತಿ, ಯೋಚಿಸದೆ ಮಾಡಿದಳು.

ಮನೆಗೆ ಬಂದು ಅಮ್ಮ ಆ ಕೋಣೆಯನ್ನು ಫಿನೈಲು ಹಾಕಿ ಒರೆಸಿದಳು. ಅಕ್ಕಿಯ ಡ್ರಮ್ಮು, ರಾಗಿ ಹಿಟ್ಟಿನ ಡಬ್ಬ ತಂದು ಒಂದು ಗೋಡೆಗೆ ಸಾಲಾಗಿಟ್ಟಳು. ಇನ್ನೊಂದು ಗೋಡೆಗೆ ಅಜ್ಜಿಯ ಹಾಸಿಗೆ. ಅಜ್ಜಿ ಗೋಣಿಚೀಲ ಸುತ್ತಿಕೊಂಡು ಬಂದು ಎಂದಿನಂತೆ ಹೊಸ್ತಿಲು ಮುಟ್ಟಿ ಒಳಗೆ ಹೋಗಿ ಮಲಗಿದಳು. ಬಾಗಿಲಿಲ್ಲದ ಚೌಕಟ್ಟಿನಿಂದ ಅವಳಿಗೆ ನಡುಮನೆ ಪೂರ್ತಿ ಕಾಣುತ್ತಿತ್ತು: ಸ್ಟೋವ್ ಮುಂದೆ ಕೂತ ಅಮ್ಮ, ಹೋಂವರ್ಕ್ ಮಾಡುತ್ತಿದ್ದ ನಾನು, ಏಣಿಯ ಮೇಲೆ ಪೆರುಮಾಳ್. ಸ್ವಲ್ಪ ಹೊತ್ತು ನಮ್ಮನ್ನೆಲ್ಲ ನೋಡುತ್ತಿದ್ದವಳು ಯಾವಾಗ ಕಣ್ಣು ಮುಚ್ಚಿದಳೋ, ಗೊರಕೆ ಕೇಳಿಸಿತು. ಸಂಜೆ ಅಪ್ಪ ಬಂದ. ಚೌಕಟ್ಟಿನ ಮುಂದೆ ನಿಂತ. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದಳು. ಹೀಗಾಗಿ ಅವರಿಬ್ಬರ ಮದುವೆಯ ಅತಿ ದೊಡ್ಡ ಜಗಳ ಪಿಸುಮಾತಿನಲ್ಲಿ ನಡೆಯಿತು.

“ಯಾರನ್ನ ಕೇಳಿ ಕೊಟ್ಟೆ?”

“ಯಾರನ್ನೂ ಕೇಳಿಲ್ಲ.”

“ಹೆದರ್ಕೊಂಡು ತಂದುಕೊಟ್ರು ಅಂದ್ಕೊತಾನೆ ಆ ಶ್ರೀಧರ.”

“ಅಂದ್ಕೊಳ್ಲಿ. ಕೊಡ್ತೀನಿ ಅಂತ ಮಾತು ಕೊಟ್ಟೋರು ನೀವು. ಮಾತು ಉಳಿಸಿದ್ದು ನಾನು.”

“ನಿಂಗೆ ಗೊತ್ತಾಗಲ್ಲ.”

“ಏನು ಗೊತ್ತಾಗಲ್ಲ? ನಾನೇನು ಬೇರೆ ಕೇರಿಯಿಂದ ಬಂದೋಳಾ?”

ಅವತ್ತು ಅಪ್ಪ ಊಟ ಮಾಡಲಿಲ್ಲ. ಅಮ್ಮ ಮಾಡಿದಳು.

ಬೆಳಿಗ್ಗೆ ಅಜ್ಜಿ ಎದ್ದದ್ದು ತಡವಾಗಿ. ಜ್ವರ ಇಳಿದಿತ್ತು. ಅಪ್ಪ ಆಫೀಸಿಗೆ ಹೊರಡುವ ಬಟ್ಟೆಯಲ್ಲೇ ಹೋಗಿ ಅವಳ ಹೊಸ್ತಿಲ ಮೇಲೆ ಕೂತ. ನಾನು ಸ್ಟೋವ್ ಪಕ್ಕ ಹಾಲು ಕಾಯುತ್ತಿದ್ದೆ.

“ನಿದ್ದೆ ಬಂತೇನವ್ವ?”

“ಬಂತು ಕಣಪ್ಪ.”

“ದೇವ್ರ ಹೆದರಿಕೆ ಹೋಯ್ತಾ ಹಂಗಾದ್ರೆ?”

“ದೇವ್ರೆಲ್ಲವ್ನೆ ಇಲ್ಲಿ? ಅಮ್ಮೋರು ಎತ್ಕೊಂಡು ಹೋದ್ರಲ್ಲ ಆಗ್ಲೇ.” ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. “ಬಾಗ್ಲು ಹಾಕ್ಬುಟ್ರೆ ನಂಗೆ ಉಸ್ರು ಕಟ್ತದೆ. ನಮ್ಮಟ್ಟೀಲಿ ಬಾಗ್ಲು ಅನ್ನೋದು ಎಲ್ಲಿತ್ತು? ಒಂದು ತಡಿಕೆ. ಎಲ್ಲಾರೂ ಕಾಣ್ತಿದ್ರಿ.”

“ಮತ್ತೆ ಹೇಳ್ಬೇಕಲ್ವಾ ಅವ್ವ?”

“ಹೇಳಾನ ಅಂತಿದ್ದೆ. ನೀನು ದಿನಾ ಅಷ್ಟು ಆಸೆ ಪಟ್ಟು ಬಾಗ್ಲು ಹಾಕ್ತಿದ್ದೆ. ನಿಂಗಿಷ್ಟ ಏನೋ ಅಂತ ಸುಮ್ಕಿದ್ದೆ.”

ಅಪ್ಪ ತಲೆ ತಗ್ಗಿಸಿ ಹೊಸ್ತಿಲನ್ನು ಉಗುರಿನಿಂದ ಕೆರೆಯುತ್ತಾ ಕೂತ. ಅಜ್ಜಿ ಹೇಳಿದ್ದು ಪೂರ್ತಿ ನಿಜವೋ, ಅಥವಾ ಮಗ ಇನ್ನು ಯಾರ ಮೇಲೂ ಸಿಟ್ಟಾಗುವುದು ಬೇಡವೆಂದು ಹೇಳಿದ್ದೋ ನನಗೆ ತಿಳಿಯದು. ಶಾರದಮ್ಮನವರನ್ನು ನೋಡಿ ಅವಳು ಎದ್ದು ನಿಂತ ರೀತಿಯನ್ನು ನಾನು ನೋಡಿದ್ದೆ. ಅದು ಬಾಗಿಲಿನ ವಿಷಯವಾಗಿರಲಿಲ್ಲ. ಆದರೆ ಉಸಿರು ಕಟ್ಟುತ್ತಿದ್ದದ್ದೂ ನಿಜವೇ ಇರಬೇಕು. ಆ ದಿನದಿಂದ ಅವಳು ಅಲ್ಲಿ ಚೆನ್ನಾಗಿ ನಿದ್ದೆ ಮಾಡಿದಳು. ಎರಡು ನಿಜಗಳಲ್ಲಿ ಮಗ ಹೊರಲಾಗುವಂಥದ್ದನ್ನು ಆರಿಸಿ ಅವನ ಕೈಗೆ ಕೊಟ್ಟಳು. ಓದು ಬಾರದ ಆ ಹೆಂಗಸಿನಿಂದ ನಾನು ಪಡೆದುಕೊಂಡದ್ದು ಏನಾದರೂ ಇದ್ದರೆ ಇದು. ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ, ನಾನೂ ಹಾಗೇ ಮಾತಾಡುವವಳಾದೆ.

ಅಪ್ಪ ಆಫೀಸಿಗೆ ತಡವಾಗಿ ಹೋದ. ಅದರ ಮುಂದಿನ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ಪೆರುಮಾಳ್ ತಾನಾಗಿಯೇ ಸುತ್ತಿಗೆ ಹಿಡಿದುಕೊಂಡು ಬಂದ. ಬಾಗಿಲು ಹೋದ ಮೇಲೆ, ಒಳಗೆ ಅಕ್ಕಿ ಡ್ರಮ್ಮು ಬಂದ ಮೇಲೆ, ಅದು ಸಾಮಿ ರೂಮಲ್ಲ ಎಂದು ಅವನ ಹುಡುಗರು ಒಪ್ಪಿದ್ದರಂತೆ. ಹೊಸ ತಾರಸಿಗೆ ಮೊದಲು ಆ ಗೋಡೆ ತೆಗೆದುಬಿಟ್ಟರೆ ಕೆಲಸ ಸುಲಭ ಎಂದ. ಅಪ್ಪ ಚೌಕಟ್ಟಿನ ಹತ್ತಿರ ಹೋಗಿ ಒಳಗೆ ಇಣುಕಿ ನೋಡಿ ಬಂದ.

“ಗೋಡೆ ಇರ್ಲಿ ಪೆರುಮಾಳ್,” ಎಂದ ತಗ್ಗಿದ ದನಿಯಲ್ಲಿ. “ಅವ್ವ ಮಲಗವ್ಳೆ.”

ಪೆರುಮಾಳ್ ಸುತ್ತಿಗೆಯನ್ನು ನೆಲಕ್ಕೆ ಸದ್ದಾಗದಂತೆ ಇಟ್ಟು, ಮೇಲೆ ಕೆಲಸ ಮಾಡುತ್ತಿದ್ದವರ ಕಡೆ ಕೈ ಬೀಸಿದ.

“ಮೆಲ್ಲಗೆ, ಮೆಲ್ಲಗೆ.”